ಚೌಬಾರದ ಮ್ಯಾಲಿಂದ

ಬೀದರಿನ ಹಳೆಯ ಊರಿನ ನಟ್ಟನಡುವೆ, ನಾಲ್ಕು ದಾರಿ ಕೂಡುವಲ್ಲಿ ಚೌಬಾರ ನಿಂತಿದೆ. 71 ಅಡಿ ಎತ್ತರದ ದುಂಡನೆಯ ಗೋಪುರ. ಒಳಗೆ ಸುತ್ತಿ ಸುತ್ತಿ ಏರುವ 80 ಮೆಟ್ಟಿಲು. ಈಗ ಅದರ ತಲೆಯ ಮೇಲೆ ಗಡಿಯಾರವಿದೆ, ಆದರೆ ಅದರ ಕೆಲಸ ಕಾವಲಿನದು. ಬೀದರ ಕೂತಿರುವುದೇ ಎತ್ತರದ ನೆಲದ ಮೇಲೆ. ಅಲ್ಲಿ ಇನ್ನೊಂದು ಎತ್ತರ ಎಬ್ಬಿಸಿದರೆ ದೂರದಿಂದ ಬರುವ ದಂಡು ಮೊದಲೇ ಕಾಣುತ್ತದೆ. ಅಂದರೆ ಮೇಲಿಂದ ನೋಡುವುದು ನಮ್ಮ ಕಡೆ ಶುರುವಾದದ್ದು ಆಳುವವರ ಕೆಲಸವಾಗಿ, ಚಂದ ನೋಡಲಿಕ್ಕಲ್ಲ.

ಹಾಗಂತ ಅಲ್ಲಿ ನಿಂತು ನೋಡಿದವನು ಸುಲ್ತಾನನಲ್ಲ. ಹೊಟ್ಟೆಪಾಡಿನ ಒಬ್ಬ ಕಾವಲುಗಾರ. ಕಣ್ಣು ಅವನದು, ನೋಟ ಸುಲ್ತಾನನದು. ಈ ಮಾತು ಮುಂದೆ ಬೇಕಾಗುತ್ತದೆ.

ಇವತ್ತು ಎಲ್ಲರ ಕೈಯಾಗ ಮೊಬೈಲು. ಕೋಟೆಯ ಗೋಡೆಯ ಮೇಲೆ ನಿಂತು ಊರಿನ ಫೋಟೋ ತೆಗೆಯದ ಹುಡುಗ ಬೀದರಿನಲ್ಲಿ ಸಿಗುವುದು ಕಷ್ಟ. ನಾನೂ ತೆಗೆದವನೇ. ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಉಳಿದಿರುವ ಒಂದೇ ಮಿನಾರು, ಗುಮ್ಮಟಗಳು, ಪತ್ರಾದ ಮನೆಗಳು, ಮಾಳಗಿ ಮೇಲಿನ ಕರಿ ನೀರಿನ ಟಾಕಿಗಳು. ಸಂಜೆ ಬಿಸಿಲಿನಾಗ ಎಲ್ಲಾ ಚಂದ. ಆ ಚಂದದ ಮೇಲೆ ನನಗೆ ಸಂಶಯ ಹುಟ್ಟಿಸಿದ್ದು ಭಾಲ್ಕಿ ತಾಲೂಕಿನ ಒಂದು ಹಳ್ಳಿಯ ಜಾತ್ರೆ.

ಆ ಜಾತ್ರೆಯಾಗ ಡ್ರೋನು ಹಾರಿಸಿದ್ದರು. ಮರುದಿನ ಆ ಚಿತ್ರ ಎಲ್ಲರ ಫೋನಿಗೂ ಬಂತು. ನಡುವೆ ತೇರು, ಸುತ್ತ ಕಣದಲ್ಲಿ ಚೆಲ್ಲಿದ ಜೋಳದಂಗ ಮಂದಿ. ಊರಿನ ಹಿರಿಯರೊಬ್ಬರು ಅದನ್ನು ನನ್ನ ಮುಖದ ಮುಂದೆ ಹಿಡಿದು, "ನೋಡು ತಮ್ಮಾ, ಭೇದ ಭೇದ ಅಂತ ಬರೀತಿ. ಇದರಾಗ ಎಲ್ಲಿ ಅದ ತೋರ್ಸು" ಅಂದರು. ತೋರಿಸಲು ನನ್ನಿಂದಾಗಲಿಲ್ಲ. ಆದರೆ ಆ ಮಂದಿಯೊಳಗೆ ನಾನೂ ಒಂದು ಕಾಳಾಗಿ ನಿಂತಿದ್ದೆ. ತೇರಿನ ಹಗ್ಗಕ್ಕೂ ನಮ್ಮ ಕೇರಿಯ ಮಂದಿಗೂ ನಡುವೆ ಎಷ್ಟು ಮಾರು ಜಾಗ ಇತ್ತು ಅಂತ ನನಗೆ ಗೊತ್ತಿತ್ತು. ಅಷ್ಟು ಎತ್ತರದಿಂದ ಹತ್ತು ಮಾರು ಅಂದರೆ ಒಂದು ಕೂದಲೆಳೆ. ಅಸ್ಪೃಶ್ಯತೆ ಅಂದರೆ ಅಂತರವೇ ಅಲ್ಲವೇ? ಆ ಅಂತರವನ್ನೇ ಅಳಿಸಿ ಚಿತ್ರ ಚಂದವಾಗಿತ್ತು.

ಕ್ಯಾಮೆರಾ ಸುಳ್ಳು ಹೇಳಿತೆ? ಇಲ್ಲ. ಅದು ನಿಂತ ಜಾಗದಿಂದ ಕಂಡದ್ದನ್ನೇ ಹೇಳಿತು. ಆಕಾಶದಿಂದ ತೆಗೆದು ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಫೋಟೋ ಅಮೆರಿಕದ ಬೋಸ್ಟನ್ ನಗರದ್ದು. 1860ರಲ್ಲಿ ಜೇಮ್ಸ್ ವಾಲೇಸ್ ಬ್ಲ್ಯಾಕ್ ಬಲೂನಿನಲ್ಲಿ ಏರಿ ತೆಗೆದದ್ದು. ಹದ್ದು ಮತ್ತು ಕಾಡುಬಾತು ಕಂಡ ಬೋಸ್ಟನ್ ಎಂಬ ಅರ್ಥದ ಹೆಸರು ಅದಕ್ಕೆ. ಓದಿದವರಿಗೆ ಇದು ಕವಿತ್ವ. ಹದ್ದಿನ ನೋಟ ಎಂಥದ್ದು ಅಂತ ನಮ್ಮ ಅಂಗಳದ ಕೋಳಿಮರಿಗೆ ಕೇಳಬೇಕು.

ನೆಲದ ಮೇಲೆ ನಿಂತು ಒಬ್ಬ ಮುದುಕಿಯ ಕಡೆ ಕ್ಯಾಮೆರಾ ಎತ್ತಿ ನೋಡಿ. "ಯಾಕ ತೆಗೀತಿಯೋ ಯಪ್ಪಾ, ಯಾರಿಗಿ ತೋರ್ಸಾಂವ ನೀ?" ಅನ್ನುತ್ತಾಳೆ. ಉತ್ತರ ಕೊಡಬೇಕಾಗುತ್ತದೆ. ಕೆಲವೊಮ್ಮೆ ಕ್ಯಾಮೆರಾ ಇಳಿಸಬೇಕಾಗುತ್ತದೆ. ನೀತಿಯ ಪ್ರಶ್ನೆ ಹುಟ್ಟುವುದೇ ಆಕೆಯ ಆ ಮಾತಿನಿಂದ. ಮೇಲೆ ನಿಂತವನಿಗೆ ಹಾಗೆ ಕೇಳುವವರು ಯಾರೂ ಇಲ್ಲ. ಇಡೀ ಊರನ್ನೇ ತೆಗೆದರೂ ಒಬ್ಬರ ಅಪ್ಪಣೆಯೂ ಬೇಡ.

ಹಾಗಾದರೆ ಎತ್ತರ ಏರುವುದೇ ತಪ್ಪೇನು? ಇದನ್ನು ನಾನು ಒಪ್ಪುವುದಿಲ್ಲ. 1920ರ ಜನವರಿ 31ರಂದು ಹೊರಬಂದ 'ಮೂಕನಾಯಕ'ದ ಮೊದಲ ಸಂಚಿಕೆಯಲ್ಲೇ ಬಾಬಾಸಾಹೇಬರು ಹಿಂದೂ ಸಮಾಜವನ್ನು ಅಂತಸ್ತು ಅಂತಸ್ತಿನ ಗೋಪುರಕ್ಕೆ ಹೋಲಿಸಿದರು. ಅದಕ್ಕೆ ಮೆಟ್ಟಿಲೇ ಇಲ್ಲ, ಹುಟ್ಟಿದ ಅಂತಸ್ತಿನಲ್ಲೇ ಸಾಯಬೇಕು. ಸುಲ್ತಾನರ ಚೌಬಾರಕ್ಕಾದರೂ 80 ಮೆಟ್ಟಿಲಿವೆ! ಮೆಟ್ಟಿಲು ಕಾಣದವರಿಗೆ 'ಕೆಳಗೇ ಇರಿ, ನೆಲದ ಮೇಲೆ ಸತ್ಯ ಇದೆ' ಅಂತ ಉಪದೇಶ ಮಾಡುವುದು ಹೊಸ ಪುರೋಹಿತಿಕೆ ಆದೀತು.

ಔರಾದ ಕಡೆಯ ಒಬ್ಬ ಹುಡುಗ ಹೈದರಾಬಾದಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದಾನೆ. ಇಪ್ಪತ್ತೆರಡನೇ ಸ್ಲ್ಯಾಬಿನ ಮೇಲಿಂದ ನನಗೊಂದು ಫೋಟೋ ಕಳಿಸಿದ. ಕೆಳಗೆ ಹೈದರಾಬಾದು ಪೂರಾ ಹರಡಿದೆ. ಆದರೆ ಫೋಟೋದ ಅಂಚಿನಲ್ಲಿ ಅವನ ಎರಡು ಕಾಲು ಅದಾವ. ಸವೆದ ಚಪ್ಪಲಿ, ಸಿಮೆಂಟು ಮೆತ್ತಿದ ಬೆರಳು, ಪಕ್ಕದಲ್ಲಿ ಕಬ್ಬಿಣದ ಸರಳು. "ಸರ್, ಲಿಫ್ಟ್ ಕೂಡ್ಸಿದ ಮ್ಯಾಲ ನಮಗ ಗೇಟಿನಾಗೇ ನಿಲ್ಲಸ್ತಾರ. ಅದಕ್ಕ ಈಗೇ ತೆಗದೀನಿ" ಅಂದ. ದುಬೈಯ ಬುರ್ಜ್ ಖಲೀಫಾ 2010ರ ಜನವರಿಯಲ್ಲಿ ತೆರೆಯಿತು. 828 ಮೀಟರು. ಈಗ ಟಿಕೆಟು ತೆಗೆದು ಏರಿ ಊರು ನೋಡುವವರಿಗಿಂತ ಎಷ್ಟೋ ಮೊದಲು ಆ ನೋಟ ಕಂಡವರು ನಮ್ಮ ಉಪಖಂಡದಿಂದ ಹೋದ ಕೂಲಿಯವರು. ಅವರೂ ಚೌಬಾರದ ಕಾವಲುಗಾರನ ಕುಲದವರೇ. ಒಂದೇ ಫರಕು, ಔರಾದಿನ ಹುಡುಗ ತನ್ನ ನೋಟವನ್ನು ತಾನೇ ಇಟ್ಟುಕೊಂಡ. ಎಲ್ಲಿ ನಿಂತು ನೋಡಿದೆ ಅನ್ನುವುದನ್ನೂ ಮುಚ್ಚಿಡಲಿಲ್ಲ.

ಮೇಲಿನ ಕಣ್ಣು ಈಗ ಸರಕಾರದ ಕೈಗೂ ಬಂದಿದೆ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಮನೆಜಾಗವನ್ನು ಡ್ರೋನಿನಿಂದ ಅಳೆದು ಹಕ್ಕಿನ ಕಾಗದ ಕೊಡುತ್ತಾರೆ. ಮೊದಲು ಆರಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ತಲೆಮಾರುಗಳಿಂದ ಕಾಗದವಿಲ್ಲದೆ ಕೂತ ಕೇರಿಗೆ ಇದು ಸಣ್ಣ ಮಾತಲ್ಲ, ಆದ್ದರಿಂದ ಡ್ರೋನನ್ನು ಬಯ್ಯಲಿಕ್ಕೆ ನಾನು ತಯಾರಿಲ್ಲ. ಆದರೆ ಅದು ಹಾರುವ ಮುಂಚೆ ಒಂದು ಕೆಲಸ ನೆಲದ ಮೇಲೆ ನಡೆಯುತ್ತದೆ. ಮನೆಮನೆಯ ಗಡಿಗೆ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಾರೆ. ಆ ಗೆರೆ ಇಲ್ಲದಿದ್ದರೆ ಯಾರದು ಎಲ್ಲಿಯವರೆಗೆ ಅಂತ ಮೇಲಿನ ಕಣ್ಣಿಗೆ ತಿಳಿಯದು. ಗೆರೆ ತಪ್ಪಿದರೆ ನಕ್ಷೆಯೂ ತಪ್ಪು. ಆ ದಿನ ಕೇರಿಯವರೆಲ್ಲಾ ಕೂಲಿಗೆ ಹೋಗಿದ್ದರೆ ಅವರ ಅಂಗಳದ ಗೆರೆ ಯಾರು ಎಳೆಯುತ್ತಾರೆ? ಎಲ್ಲಿಗೆ ನಿಲ್ಲಿಸುತ್ತಾರೆ? ಇದನ್ನು ಓದುತ್ತಿರುವ ಹಳ್ಳಿಯ ಮಾಸ್ತರರು ಆವತ್ತು ಒಂದಿಷ್ಟು ಹೊತ್ತು ಬಿಡುವು ಮಾಡಿಕೊಂಡು, ಸುಣ್ಣದ ಬುಟ್ಟಿ ಯಾರ ಕೈಯಾಗ ಅದ ಅಂತ ಹೋಗಿ ನೋಡಿ ಬರಲಿ.