ಕತ್ತಲ ಗಳಿಗೆಯ ತೀರ್ಪು

ಬರೆದದ್ದನ್ನೆಲ್ಲ ಸುಟ್ಟುಬಿಡೋಣ ಎಂದು ಒಮ್ಮೆಯಾದರೂ ಅನ್ನಿಸದ ಬರಹಗಾರರು ಕಡಿಮೆ. ಬರಹಗಾರರಷ್ಟೇ ಏಕೆ, ಮನಸ್ಸು ಕುಗ್ಗಿದಾಗ ಯಾರಿಗೇ ಆದರೂ ತಾವು ಮಾಡಿದ ಕೆಲಸವೆಲ್ಲ ಹುರುಳಿಲ್ಲದ್ದಾಗಿ ಕಾಣುತ್ತದೆ. ಆ ಗಳಿಗೆಯಲ್ಲಿ ನಮ್ಮ ಮೇಲೆ ನಾವೇ ಕೊಟ್ಟುಕೊಳ್ಳುವ ತೀರ್ಪನ್ನು ಎಷ್ಟರಮಟ್ಟಿಗೆ ನಂಬಬೇಕು? ಇಂಗ್ಲೆಂಡಿನ ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫ್ ಅವರ ಕಾಗದಪತ್ರಗಳ ಬಗ್ಗೆ ಓದುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಕಾದಂಬರಿ ಎಂದರೆ ಹೀಗೇ ಇರಬೇಕು ಎಂಬ ನಂಬಿಕೆಯನ್ನು ಅಲುಗಾಡಿಸಿದವರು ವುಲ್ಫ್. 1925ರ ‘ಮಿಸೆಸ್ ಡಾಲೋವೆ’ಯಲ್ಲಿ ನಡೆಯುವುದು ಲಂಡನ್ನಿನ ಜೂನ್ ತಿಂಗಳ ಒಂದು ದಿನ, ಅಷ್ಟೇ. 1927ರ ‘ಟು ದಿ ಲೈಟ್‌ಹೌಸ್’ನಲ್ಲಿ ಹತ್ತು ವರ್ಷಗಳು, ಒಂದು ಮಹಾಯುದ್ಧ, ಮನೆಯೊಡತಿಯ ಸಾವು ಎಲ್ಲವೂ ನಡುವಿನ ಕೆಲವೇ ಪುಟಗಳಲ್ಲಿ ಸರಿದುಹೋಗುತ್ತವೆ. 1931ರ ‘ದಿ ವೇವ್ಸ್’ನಲ್ಲಿ ಆರು ಜನರ ಒಳದನಿಗಳೇ ಕಥೆ. ಅಚ್ಚಾದ ಪುಸ್ತಕ ಓದಿದವರಿಗೆ ಇದೆಲ್ಲ ಸಲೀಸಾಗಿ ಒದಗಿಬಂದಂತೆ ತೋರಬಹುದು. ಹಸ್ತಪ್ರತಿಗಳು ಬೇರೆಯದನ್ನೇ ಹೇಳುತ್ತವೆ.

‘ಮಿಸೆಸ್ ಡಾಲೋವೆ’ ಬರೆದ ಮೂರು ನೋಟುಪುಸ್ತಕಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ. ನೇರಳೆ ಶಾಯಿಯ ಕೈಬರಹ, ಹೊಡೆದುಹಾಕಿದ ಸಾಲುಗಳು, ಅಂಚಿನಲ್ಲಿ ತಿದ್ದುಪಡಿಗಳು. ಆಗ ಅದರ ಹೆಸರು ‘ದಿ ಅವರ್ಸ್’. ಮೊದಲ ಯೋಚನೆಯಲ್ಲಿ, ಯುದ್ಧದಿಂದ ಮನಸ್ಸು ಘಾಸಿಗೊಂಡು ಮರಳಿದ ಸೆಪ್ಟಿಮಸ್ ಎಂಬ ಪಾತ್ರವೇ ಇರಲಿಲ್ಲ. ತಾನು ಏರ್ಪಡಿಸಿದ ಔತಣಕೂಟದ ಕೊನೆಗೆ ಕಥಾನಾಯಕಿ ಕ್ಲಾರಿಸ್ಸಾ ತಾನೇ ಸಾಯಬೇಕಿತ್ತು. ‘ಟು ದಿ ಲೈಟ್‌ಹೌಸ್’ ಬರೆಯುವ ಮುನ್ನ ಎರಡು ಚೌಕಗಳನ್ನು ಗೀಚಿ, ನಡುವೆ ಒಂದು ಓಣಿಯಂತೆ ಗೆರೆ ಎಳೆದು, ಕಾದಂಬರಿಯ ಆಕಾರವನ್ನು ಕಣ್ಣೆದುರು ಇಟ್ಟುಕೊಂಡಿದ್ದರು. ‘ದಿ ವೇವ್ಸ್’ ಅನ್ನು ಮೊದಲಿಂದ ಕೊನೆಯವರೆಗೆ ಎರಡು ಸಲ ಕೈಯಲ್ಲಿ ಬರೆದರು. ಹೊಡೆದುಹಾಕಿದ್ದು ಬೇಕಾದಷ್ಟಿದೆ, ಆದರೆ ಹೊಡೆದುಹಾಕಿದ ಹಾಳೆಯನ್ನೂ ಆಕೆ ಇಟ್ಟುಕೊಂಡರು.

1940ರ ಶರತ್ಕಾಲದಲ್ಲಿ ಜರ್ಮನಿಯ ಬಾಂಬುಗಳು ಲಂಡನ್ನಿನ ಮೇಲೆ ಬೀಳುತ್ತಿದ್ದವು. ಮೆಕ್ಲೆನ್‌ಬರ್ಗ್ ಸ್ಕ್ವೇರಿನಲ್ಲಿದ್ದ ವುಲ್ಫ್ ಅವರ ಮನೆಗೂ ಪೆಟ್ಟು ಬಿತ್ತು. ಅಕ್ಟೋಬರಿನಲ್ಲಿ ತಾವು ಆಗ ಇದ್ದ ಹಳ್ಳಿಯಿಂದ ಅಲ್ಲಿಗೆ ಹೋದ ವುಲ್ಫ್, ಗಾಜಿನ ಚೂರು, ಗಾರೆಯ ಪುಡಿಗಳ ನಡುವೆ ತಮ್ಮ ದಿನಚರಿಗಳನ್ನು ಹುಡುಕಿದರು. 24 ಸಂಪುಟಗಳು ಸಿಕ್ಕವು. ಮುಂದೆ ಆತ್ಮಕಥೆ ಬರೆಯುವಾಗ ಬೇಕಾಗುತ್ತವೆಂದು ಜತನದಿಂದ ತಂದರು.

ಅದಾಗಿ ಆರು ತಿಂಗಳೂ ಕಳೆದಿರಲಿಲ್ಲ. ಬಾಲ್ಯದಲ್ಲಿ ತಾಯಿ ತೀರಿಕೊಂಡಂದಿನಿಂದ ಮತ್ತೆ ಮತ್ತೆ ಮರುಕಳಿಸುತ್ತಿದ್ದ ಮನಸ್ಸಿನ ಕಾಯಿಲೆ ಮತ್ತೊಮ್ಮೆ ಕವಿದುಕೊಂಡಿತು. ಬರೆದು ಮುಗಿಸಿದ್ದ ‘ಬಿಟ್ವೀನ್ ದಿ ಆಕ್ಟ್ಸ್’ ತೀರಾ ಪೇಲವ, ಅಚ್ಚು ಮಾಡುವುದು ಬೇಡ ಎಂದರು. 1941ರ ಮಾರ್ಚ್ 28ರಂದು ಆಕೆ ತೀರಿಕೊಂಡರು. ಪತಿ ಲಿಯೊನಾರ್ಡ್ ಅವರಿಗೆ ಬರೆದಿಟ್ಟ ಕೊನೆಯ ಪತ್ರದ ಅಂಚಿನಲ್ಲಿ ಒಂದು ಕೋರಿಕೆಯಿತ್ತು: ನನ್ನ ಕಾಗದಗಳನ್ನೆಲ್ಲ ನಾಶಮಾಡಿ.

ಕಲ್ಲುಮಣ್ಣಿನೊಳಗಿಂದ ದಿನಚರಿ ಎತ್ತಿತಂದ ಕೈ, ನಾಶಮಾಡಿ ಎಂದು ಬರೆದ ಕೈ, ಎರಡೂ ಒಬ್ಬರದೇ. ಯಾವ ಮಾತನ್ನು ನಡೆಸಬೇಕು? ಲಿಯೊನಾರ್ಡ್ ಮೊದಲನೆಯದನ್ನು ನಡೆಸಿದರು. ಬೇಡವೆಂದ ಕಾದಂಬರಿಯನ್ನು ಅದೇ ಜುಲೈನಲ್ಲಿ ಅಚ್ಚು ಮಾಡಿಸಿದರು. ಕಾಗದಗಳನ್ನು ಉಳಿಸಿದರು. ಉಳಿಸಿದ್ದನ್ನೆಲ್ಲ ಅವಸರದಲ್ಲಿ ಬಯಲಿಗಿಡಲೂ ಇಲ್ಲ. ದಿನಚರಿಗಳಲ್ಲಿ ಹೆಸರಿದ್ದ ಎಷ್ಟೋ ಜನ ಬದುಕಿದ್ದರು. ಅವರಿಗೆ ನೋವಾಗದಂತೆ 1953ರಲ್ಲಿ ಬರವಣಿಗೆಗೆ ಸಂಬಂಧಿಸಿದ ಭಾಗಗಳನ್ನಷ್ಟೇ ಆಯ್ದು ಪ್ರಕಟಿಸಿದರು. 1915ರಿಂದ ಮುಂದಿನ ದಿನಚರಿಗಳು ಐದು ಸಂಪುಟಗಳಾಗಿ ಬಂದದ್ದು ಅವರೂ ತೀರಿಕೊಂಡ ಮೇಲೆ, 1977ರಿಂದ 1984ರವರೆಗೆ. ಇಂದು ಆ ದಿನಚರಿಗಳ ಮೂಲಪ್ರತಿಗಳು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿವೆ. ಪತ್ರ, ಕರಡುಗಳ ಇನ್ನೊಂದು ದೊಡ್ಡ ಸಂಗ್ರಹ ಸಸೆಕ್ಸ್ ವಿಶ್ವವಿದ್ಯಾಲಯದ ಬಳಿ ಇದೆ.

ತೀರಿಹೋದವರ ಕೊನೆಯ ಮಾತನ್ನು ಮೀರಬಹುದೇ ಎಂದು ಕೇಳುವವರಿದ್ದಾರೆ. ಅದು ಸಣ್ಣ ಪ್ರಶ್ನೆಯಲ್ಲ. ಆದರೂ ನನ್ನ ಮನಸ್ಸು ಲಿಯೊನಾರ್ಡ್ ಕಡೆಗೇ ವಾಲುತ್ತದೆ. ಮೂರು ದಶಕ ಹತ್ತಿರದಿಂದ ಕಂಡಿದ್ದ ಅವರಿಗೆ, ಹೆಂಡತಿಯ ಮಾತು ಯಾವುದು, ಕಾಯಿಲೆಯ ಮಾತು ಯಾವುದು ಎಂಬುದು ಗೊತ್ತಿತ್ತು. ನೋವು ಮಾತಾಡುವಾಗ ಅದು ನಮ್ಮದೇ ದನಿಯಲ್ಲಿ ಮಾತಾಡುತ್ತದೆ. ನೀನು ಮಾಡಿದ್ದೆಲ್ಲ ವ್ಯರ್ಥ, ನೀನು ಯಾರಿಗೂ ಬೇಡ ಎಂದು ಅದು ಹೇಳಿದಾಗ ನಾವೇ ಹಾಗೆ ನಿಶ್ಚಯಿಸಿದ್ದೇವೆ ಅನ್ನಿಸುತ್ತದೆ. ಅದು ನಿಶ್ಚಯವಲ್ಲ, ದಣಿವು.

ನಿಮ್ಮ ಮನೆಯಲ್ಲಿ ಯಾರಾದರೂ ಮನಸ್ಸು ನೊಂದು ತಮ್ಮ ಬರಹವನ್ನೋ ಚಿತ್ರವನ್ನೋ ಹರಿಯಲು ಹೊರಟರೆ, ಅದನ್ನು ಮೆಲ್ಲಗೆ ಇಸಿದುಕೊಂಡು ಎತ್ತಿಡಿ. ಅವರ ಪಕ್ಕದಲ್ಲಿ ಕೂತುಕೊಳ್ಳಿ. ಆ ನೊಂದವರು ನೀವೇ ಆಗಿದ್ದರೆ, ನಿಮ್ಮ ಕೆಲಸದ ಮೇಲೂ ನಿಮ್ಮ ಬದುಕಿನ ಮೇಲೂ ಇರುಳಿನಲ್ಲಿ ತೀರ್ಪು ಕೊಡಬೇಡಿ. ಹತ್ತಿರದವರೊಬ್ಬರಿಗೆ ಹೇಳಿಕೊಳ್ಳಿ, ಬೆಳಗಾಗುವವರೆಗೆ ಕಾಯಿರಿ.