ಬಲವೂ ವಿವೇಕವೂ

ಬಲಪ್ರಯೋಗವು ಯಾವಾಗ ನ್ಯಾಯವೆನಿಸುತ್ತದೆ? 1937ರಲ್ಲಿ ಜಿ. ಡಿ. ನಾಯ್ಡು, ಡಿ. ಬಾಲಸುಂದರಂ ನಾಯ್ಡು ಅವರ ಪ್ರಯತ್ನದಿಂದ ಭಾರತದ ಮೊದಲ ವಿದ್ಯುತ್ ಮೋಟಾರು ಸಿದ್ಧವಾದ ಕೊಯಮತ್ತೂರಿನ ಸೀಮೆಯಲ್ಲಿ ಈ ಪ್ರಶ್ನೆಗೆ ಬಾವಿಯ ಪಂಪೇ ಉತ್ತರ ಹೇಳೀತು.

ಬಹುಕಾಲ ಓಡದೆ ನಿಂತ ಹಳೆಯ ಪಂಪಿನಲ್ಲಿ ಎರಕದ ಕಬ್ಬಿಣದ ಚಕ್ರವು ತುಕ್ಕು ಹಿಡಿದು ಕವಚಕ್ಕೆ ಕಚ್ಚಿಕೊಳ್ಳುವುದುಂಟು. ಅವಸರದವನು ಮತ್ತೆ ಮತ್ತೆ ಸ್ವಿಚ್ಚು ಒತ್ತುತ್ತಾನೆ. ತಿರುಗಲಾರದ ಮೋಟಾರು ವಾಡಿಕೆಗಿಂತ ಹಲವು ಪಟ್ಟು ವಿದ್ಯುತ್ತನ್ನು ಸೆಳೆಯುತ್ತದೆ; ಅದರ ತಾಮ್ರದ ಸುರುಳಿ ಸುಟ್ಟುಹೋಗುತ್ತದೆ. ದೋಷವಿದ್ದುದು ಪಂಪಿನಲ್ಲಿ; ದಂಡ ತೆತ್ತದ್ದು ಮೋಟಾರು.

ಬಲ್ಲ ಕೆಲಸಗಾರನು ಮೊದಲು ವಿದ್ಯುತ್ತನ್ನು ನಿಲ್ಲಿಸಿ, ಅಚ್ಚನ್ನು ಕೈಯಿಂದ ತಿರುಗಿಸಿ ನೋಡುತ್ತಾನೆ. ಸೀಮೆಎಣ್ಣೆ ಬಿಟ್ಟು ಕಾಯುತ್ತಾನೆ. ಆಗಲೂ ಬಿಡದಿದ್ದರೆ ಕವಚ ಬಿಚ್ಚಿ ತುಕ್ಕನ್ನು ಕೆರೆಯುತ್ತಾನೆ. ಅವನೂ ಸುತ್ತಿಗೆ ಹಿಡಿಯುತ್ತಾನೆ, ಕಾರಣವನ್ನು ಅರಿತ ಮೇಲೆ. ಪೈರು ಒಣಗುವಾಗ ಕಾಯಲು ಪುರುಸೊತ್ತೆಲ್ಲಿ ಎಂಬ ಮಾತು ಸುಳ್ಳಲ್ಲ. ಆದರೆ ಸುಟ್ಟ ಮೋಟಾರಿನಿಂದ ಪೈರಿಗೆ ನೀರು ಬಾರದು.

ಪಾಠ ಒಪ್ಪಿಸದೆ ನಿಂತ ಬಾಲಕನ ಮೇಲೆ ಕೋಲೆತ್ತುವ ಮುನ್ನ ನಾವೂ ಯೋಚಿಸಬೇಕು. ತಡೆಯು ಹಸಿವಿನಲ್ಲಿರಬಹುದು, ಮಂದವಾದ ಕಿವಿಯಲ್ಲಿರಬಹುದು, ಮನೆಯ ಮಾತಿಗೂ ಪುಸ್ತಕದ ಮಾತಿಗೂ ಇರುವ ಅಂತರದಲ್ಲಿರಬಹುದು. ಏಟಿಗೆ ಇವುಗಳಲ್ಲಿ ಯಾವುದೂ ಕದಲದು; ಸುಟ್ಟುಹೋಗುವುದು ಕಲಿಯುವ ಆಸೆ.