ಒಂದೇ ಮನೆ, ಎರಡು ಸಾಲಿ

ಬೆಳಗ್ಗೆ ಬೇವೂರಿನ ಒಂದು ಮನೆಯ ಮುಂದೆ ಹಳದಿ ವ್ಯಾನು ನಿಂತು ಹಾರ್ನ್ ಹೊಡೆಯುತ್ತದೆ. ಟೈ ಕಟ್ಟಿದ ತಮ್ಮ ಹತ್ತುತ್ತಾನೆ. ಅವನ ಬ್ಯಾಗು ಒಳಗಿಟ್ಟ ಅಕ್ಕ ಊರ ಸರಕಾರಿ ಸಾಲಿಗೆ ನಡೆದು ಹೋಗುತ್ತಾಳೆ. 'ಇಬ್ಬರಿಗೂ ಫೀ ಕಟ್ಟಾಕ ನೀಗಂಗಿಲ್ರಿ. ಅದಕ್ಕ ಹುಡುಗನ್ನಷ್ಟ ಕಾನ್ವೆಂಟಿಗೆ ಹಾಕೀವಿ' ಎಂದರು ತಾಯಿ. ನಾನು ಸುಮ್ಮನಾದೆ. ನನ್ನ ಮಕ್ಕಳೂ ಸರಕಾರಿ ಸಾಲಿಯಲ್ಲಿ ಓದಿದವರಲ್ಲ.

2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಕರ್ನಾಟಕದ್ದೇ ಪ್ರಕರಣದಲ್ಲಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಆಯ್ಕೆ ಪಾಲಕರದು ಎಂದಿತು. ಸರಿಯೇ. ಆದರೆ ಮಳೆ ನಂಬಿದ ಎರೆಹೊಲದ ಮನೆಯಲ್ಲಿ ಆಯ್ಕೆ ಎಂದರೆ, ಯಾವ ಮಗುವನ್ನು ಬಿಡುವುದು ಎಂಬ ಆಯ್ಕೆ. ಬಿಟ್ಟದ್ದು ಹೆಚ್ಚಾಗಿ ಹೆಣ್ಣನ್ನೇ.

ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇ. 25 ಸೀಟು ಬಡವರಿಗೆ ಎಂದಿತ್ತು. 2019ರಲ್ಲಿ ಕರ್ನಾಟಕ ನಿಯಮ ತಿದ್ದಿ, ನೆರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿಯಲ್ಲಿ ಆ ಸೀಟು ಇಲ್ಲ ಎಂದಿತು. ಸರ್ಕಾರದ ದುಡ್ಡು ಸರಕಾರಿ ಶಾಲೆಗೇ ಹೋಗಲಿ ಎಂಬ ವಾದ ನ್ಯಾಯವಾದದ್ದು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಸರಕಾರಿ ಶಾಲೆ ಉಳಿಸುವ ಭಾರ ಬಡವರೇ ಹೊರಬೇಕೆ? 2015ರಲ್ಲಿ ಅಲಹಾಬಾದ್ ಹೈಕೋರ್ಟ್, ಸರ್ಕಾರದ ಸಂಬಳ ಉಣ್ಣುವವರ ಮಕ್ಕಳೂ ಸರಕಾರಿ ಶಾಲೆಗೇ ಹೋಗಲಿ ಎಂದಿದ್ದು ಇದೇ ಪ್ರಶ್ನೆಗೆ ಉತ್ತರವಾಗಿ. ನನ್ನಂಥವರಿಗೆ ಅದು ಇವತ್ತಿಗೂ ಮುಜುಗರದ ಮಾತು.

ಹಾಗಾದರೆ ಆ ತಾಯಿ ತಪ್ಪಿತಸ್ಥೆಯೆ? ನನಗೆ ಹಾಗನ್ನಿಸುವುದಿಲ್ಲ. ಸ್ವಂತ ಮಗನನ್ನು ಊರಿನ ಒಳಿತಿಗಾಗಿ ಪಣಕ್ಕಿಡು ಎಂದು ಯಾರಿಗೂ ಹೇಳಲಾಗದು. ಆದರೆ ಒಬ್ಬೊಬ್ಬರೂ ತಮ್ಮ ಮಟ್ಟಿಗೆ ಸರಿಯಾದದ್ದನ್ನೇ ಮಾಡುತ್ತ ಹೋದರೆ, ಸರಕಾರಿ ಸಾಲಿಯಲ್ಲಿ ಉಳಿಯುವುದು ಕೇಳುವವರಿಲ್ಲದ ಮಕ್ಕಳು. ಮಕ್ಕಳು ಕಡಿಮೆಯಾದಂತೆ ಮೇಷ್ಟ್ರೂ ಕಡಿಮೆ. ಮೇಷ್ಟ್ರು ಕಡಿಮೆಯಾದರೆ ಮತ್ತಷ್ಟು ಮಕ್ಕಳು ವ್ಯಾನು ಹತ್ತುತ್ತಾರೆ.

ಆದ್ದರಿಂದ ತಪ್ಪು ಸಾಲಿ ಬಿಡುವುದರಲ್ಲಿಲ್ಲ, ಬಿಟ್ಟ ಮೇಲೆ ತಿರುಗಿ ನೋಡದಿರುವುದರಲ್ಲಿದೆ. ಶಾಲೆಯ ಎಸ್‌ಡಿಎಂಸಿಯಲ್ಲಿ ಅಲ್ಲಿ ಓದುವ ಮಕ್ಕಳ ಪಾಲಕರಿಗೆ ಜಾಗವಿದೆ. ಗ್ರಾಮಸಭೆಯಲ್ಲಿ ಎಲ್ಲರಿಗೂ ಬಾಯಿದೆ. ಮಗನ ಫೀ ಕಟ್ಟಿದ ಅಪ್ಪ, ಮಗಳ ಸಾಲಿಗೆ ಗಣಿತದ ಮೇಷ್ಟ್ರು ಯಾಕಿಲ್ಲ ಎಂದು ಅಲ್ಲಿ ಎದ್ದು ಕೇಳಬಹುದು. ನಾನೂ ಕೇಳಬೇಕಿತ್ತು.

ಹೊರಡುವಾಗ ಆ ಹುಡುಗಿಯನ್ನು ಕೇಳಿದೆ, 'ನಿನಗೂ ವ್ಯಾನಿನ್ಯಾಗ ಹೋಗಬೇಕು ಅನಸ್ತದೇನವಾ?' ಅವಳು ತಾಯಿಯ ಮುಖ ನೋಡಿದಳು. 'ನಮ್ಮ ಸಾಲಿ ಚಲೋ ಐತ್ರಿ' ಎಂದಳು.